ಡಿಸ್ಕಿನ ನೀರಗಂಟಿ



ನಾನೂ ಇದೇ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವನು. ಈಗ ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ಹಬ್ಬಕ್ಕೆ ಬಂದಾಗ ಮೇಷ್ಟ್ರು, “ನೀನು ಮಾಡೋದೇನು ಅಂತ ಮಕ್ಕಳಿಗೆ ತಿಳಿಯೋ ಹಾಗೆ ಬರೆದುಕೊಡಪ್ಪ” ಅಂದರು.

ಸರ್ವರ್ ಎಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಮಾಡಿಕೊಡುವ ದೊಡ್ಡ ಕಂಪ್ಯೂಟರು. ನಾನು ನೋಡಿಕೊಳ್ಳುವ ಐಬಿಎಂ ಪವರ್ ಯಂತ್ರವನ್ನು ಹಲವು ಪಾಲು ಮಾಡಬಹುದು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಹಾಗೆ. ಪ್ರತಿ ಪಾಲಿಗೂ ಪಾರ್ಟಿಷನ್ ಎಂದು ಹೆಸರು. ಒಂದರಲ್ಲಿ ಸಂಬಳದ ಲೆಕ್ಕ, ಇನ್ನೊಂದರಲ್ಲಿ ಉಗ್ರಾಣದ ಲೆಕ್ಕ.

ಪ್ರತಿಯೊಂದಕ್ಕೂ ಬರೆದಿಡಲು ಡಿಸ್ಕ್ ಬೇಕಲ್ಲ? ಪವರ್5 ಕಾಲದ ದೊಡ್ಡ ಯಂತ್ರದಲ್ಲೇ 254 ಪಾರ್ಟಿಷನ್ ಮಾಡಬಹುದಿತ್ತು. ಅಷ್ಟಕ್ಕೂ ಬೇರೆ ಬೇರೆ ಡಿಸ್ಕು, ಕಾರ್ಡು ಹಾಕಲು ಜಾಗವೆಲ್ಲಿ? 2004ರಲ್ಲಿ ಆ ಯಂತ್ರಗಳ ಜೊತೆಗೇ ಒಂದು ಉಪಾಯ ಬಂತು. ಅದೇ ವರ್ಚುಯಲ್ ಐ/ಓ ಸರ್ವರ್. ಇದೂ ಒಂದು ಪಾರ್ಟಿಷನ್ನೇ, ಆದರೆ ಕೆರೆಯ ನೀರಗಂಟಿ ಇದ್ದಂತೆ. ಗದ್ದೆಯವರು ತೂಬಿಗೆ ಕೈ ಹಾಕುವುದಿಲ್ಲ, ನೀರಗಂಟಿಯೇ ಬಿಡಬೇಕು. ಹಾಗೆಯೇ ನಿಜವಾದ ಡಿಸ್ಕುಗಳೆಲ್ಲ ಇದರ ವಶದಲ್ಲಿರುತ್ತವೆ. ಇಡೀ ಡಿಸ್ಕನ್ನೇ ಒಬ್ಬರಿಗೆ ಕೊಡಬಹುದು, ಇಲ್ಲವೇ ಜಮೀನಿನ ಹಿಸ್ಸೆಯಂತೆ ತುಂಡು ಮಾಡಿ ಕೊಡಬಹುದು. ಪಡೆದವರಿಗೆ ಅದು ಸ್ವಂತ ಡಿಸ್ಕಿನಂತೆಯೇ ಕಾಣುತ್ತದೆ.

ಕೊಡುವ ಕ್ರಮ ಹೀಗೆ. ನೀರಗಂಟಿಯ ಕಡೆ ‘ವಿಹೋಸ್ಟ್’ ಎಂಬ ಬಾಗಿಲು, ಪಡೆಯುವವರ ಕಡೆ ಅದಕ್ಕೆ ಜೋಡಿಯಾಗಿ ಇನ್ನೊಂದು ಬಾಗಿಲು. ಇವು ನಿಜವಾದ ಕಾರ್ಡುಗಳಲ್ಲ, ಬರೀ ಲೆಕ್ಕದಲ್ಲಿರುವಂಥವು. ಆಮೇಲೆ ‘ಎಂಕೆವಿಡೆವ್’ ಎಂಬ ಆಜ್ಞೆಯಿಂದ ಇಂಥ ಡಿಸ್ಕು ಇಂಥ ಬಾಗಿಲಿಗೆ ಅಂತ ಕಟ್ಟುತ್ತೇವೆ.

ನಾನು ಎಡವಿದ್ದು ಹೆಸರಿನಲ್ಲಿ. ನೀರಗಂಟಿಯ ಬಳಿ ಡಿಸ್ಕುಗಳಿಗೆ ಎಚ್‌ಡಿಸ್ಕ್0, ಎಚ್‌ಡಿಸ್ಕ್1 ಎಂದು ಹೆಸರು. ಪಾರ್ಟಿಷನ್ನಿನ ಒಳಗೂ ಮತ್ತೆ 0ಯಿಂದಲೇ ಎಣಿಕೆ. ಮನೆಗೊಂದು ಗೌರಿ ಹಸು ಇದ್ದರೆ ಯಾವ ಗೌರಿ ಅಂತ ಹೇಳುವುದು? ಕೆಲಸಕ್ಕೆ ಸೇರಿದ ಮೊದಲ ವರ್ಷ, ಉಗ್ರಾಣದ ವಿಭಾಗದವರು ಫೋನಿನಲ್ಲಿ “ನಮ್ಮ ಎಚ್‌ಡಿಸ್ಕ್4 ಖಾಲಿ ಇದೆ, ಹೊಸ ಪಾರ್ಟಿಷನ್ನಿಗೆ ತಗೊಳ್ಳಿ” ಅಂದರು. ನಾನು ನೀರಗಂಟಿಯ ಎಚ್‌ಡಿಸ್ಕ್4 ಹಿಡಿದೆ. ಯಂತ್ರ ಎಚ್ಚರಿಸಿತು: ಇದು ಈಗಾಗಲೇ ಬಳಕೆಯಲ್ಲಿದೆ, ಬೇಕಿದ್ದರೆ ‘-ಎಫ್’ ಹಾಕು. ಉಗ್ರಾಣದವರ ಹೆಸರಿನಲ್ಲೇ ಇನ್ನೂ ಇರಬೇಕು ಅಂದುಕೊಂಡು ಹಾಕಿಯೇಬಿಟ್ಟೆ. ಅದು ಸಂಬಳದ ಡಿಸ್ಕು! ಅದರ ಮೇಲೇ ಹೊಸ ಸಿಸ್ಟಮ್ ಬರೆದಾಯಿತು. ಸಂಬಳಕ್ಕೆ ಎರಡೇ ದಿನ ಬಾಕಿ. ಹಿರಿಯರೊಬ್ಬರು ಬಂದು ಬೈಯದೆ ಪಕ್ಕದಲ್ಲಿ ಕೂತು ಟೇಪಿನಿಂದ ಎಲ್ಲ ವಾಪಸ್ ತರುವಷ್ಟರಲ್ಲಿ ಬೆಳಗಾಗಿತ್ತು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅವರೇ ಆಗ ‘ಎಲ್‌ಎಸ್‌ಮ್ಯಾಪ್’ ತೋರಿಸಿದ್ದು. ಯಾವ ಬಾಗಿಲಿಗೆ ಯಾವ ಡಿಸ್ಕು, ಅದರ ಲನ್ ಸಂಖ್ಯೆ ಎಷ್ಟು, ಎಲ್ಲ ಅದರಲ್ಲಿ ಬರುತ್ತದೆ. ಅದೇ ಲನ್ ಸಂಖ್ಯೆ ಪಾರ್ಟಿಷನ್ನಿನ ಒಳಗಿಂದಲೂ ಸಿಗುತ್ತದೆ. ಎರಡೂ ಕಡೆ ತಾಳೆ ನೋಡಿದರೆ ಯಾವ ಗೌರಿ ಅಂತ ಗೊತ್ತಾಗುತ್ತದೆ. ಈಗ ನಾನು ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಕೀಲಿಮಣೆ ಮುಟ್ಟೋದು.

ನೀರಗಂಟಿಯೇ ಮಲಗಿಬಿಟ್ಟರೆ? ಅದಕ್ಕೇ ಇಬ್ಬರನ್ನು ಇಡುತ್ತಾರೆ, ಒಂದೇ ಡಿಸ್ಕಿಗೆ ಎರಡು ದಾರಿ. ಆದರೆ ಮೊದಲು ಮುಟ್ಟಿದವನು ಡಿಸ್ಕಿಗೆ ಬೀಗ ಹಾಕಿಕೊಂಡರೆ ಎರಡನೆಯವನು ಹೊರಗೇ ಉಳಿಯುತ್ತಾನೆ. ಆದ್ದರಿಂದ ಡಿಸ್ಕು ಹಂಚುವ ಮೊದಲೇ, ಇಬ್ಬರ ಬಳಿಯೂ, ‘ಬೀಗ ಬೇಡ’ ಎಂಬ ಗುಣವನ್ನು ಹೊಂದಿಸಿಡಬೇಕು.