ಅಮೂರ್ತ ಪರಂಪರೆಯ ಡಿಜಿಟಲ್ ಸಂಗ್ರಹ ಮತ್ತು ಮೆಟಾಡೇಟಾ

ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆ ಒಪ್ಪಂದ ಅಂಗೀಕಾರವಾದದ್ದು 2003ರಲ್ಲಿ, ಜಾರಿಗೆ ಬಂದದ್ದು 2006ರಲ್ಲಿ. ಭಾರತ ಅನುಮೋದಿಸಿದ್ದು ಇವೆರಡರ ನಡುವೆ, 2005ರಲ್ಲಿ.

ಇಂಥ ಪರಂಪರೆಯನ್ನು ಡಿಜಿಟಲ್ ರೂಪದಲ್ಲಿ ಸಂಗ್ರಹಿಸುವಾಗ ಪ್ರತಿ ದಾಖಲೆಯ ಜೊತೆ ಮೆಟಾಡೇಟಾ ಬೇಕು; ದಾಖಲೆಯ ಬಗೆಗಿನ ಮಾಹಿತಿಯೇ ಮೆಟಾಡೇಟಾ. ಹೆಚ್ಚು ಬಳಕೆಯಲ್ಲಿರುವ ಡಬ್ಲಿನ್ ಕೋರ್ ಮಾನದಂಡದಲ್ಲಿ ಶೀರ್ಷಿಕೆ, ಕರ್ತೃ, ದಿನಾಂಕ, ಹಕ್ಕು ಮುಂತಾದ 15 ಅಂಶಗಳಿವೆ. (ಈ ಡಬ್ಲಿನ್ ಐರ್ಲೆಂಡಿನದಲ್ಲ, ಅಮೆರಿಕದ ಓಹಾಯೊ ರಾಜ್ಯದ್ದು.) ಮುದ್ರಿತ ಪುಸ್ತಕಕ್ಕೆ ಇಷ್ಟು ಸಾಕು. ಆದರೆ ಕಂಸಾಳೆಯವರು ಹಾಡುವ ಮಲೆ ಮಹದೇಶ್ವರ ಕಾವ್ಯದ ಧ್ವನಿಮುದ್ರಣಕ್ಕೆ ‘ಕರ್ತೃ’ ಯಾರು? ಹಾಡಿದವರ ಹೆಸರು ಬರೆದರೆ ಪರಂಪರೆ ಮರೆಯಾಗುತ್ತದೆ. ‘ಅಜ್ಞಾತ’ ಎಂದು ಬರೆದರೆ ಹಾಡಿದವರೇ ಮರೆಯಾಗುತ್ತಾರೆ. ಆದ್ದರಿಂದ ಗಾಯಕ, ಸಮುದಾಯ, ಗುರುಪರಂಪರೆ, ಹಾಡಿದ ಸಂದರ್ಭ, ಆಡುನುಡಿ, ಧ್ವನಿಮುದ್ರಿಸಿದವರು ಎಂಬ ಪ್ರತ್ಯೇಕ ಕಲಂಗಳು ಬೇಕು. ಜಾತ್ರೆಯಲ್ಲಿ ಹಾಡಿದ್ದೋ, ಸ್ಟುಡಿಯೊದಲ್ಲೋ ಎಂಬುದನ್ನು ಬಿಟ್ಟರೆ ಮುಂದಿನ ಸಂಶೋಧಕರಿಗೆ ಅರ್ಧ ದಾಖಲೆಯಷ್ಟೇ ಸಿಕ್ಕೀತು.

ಹಕ್ಕಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಆಸ್ಟ್ರೇಲಿಯಾದ ವಾರುಮುಂಗು ಸಮುದಾಯದೊಂದಿಗೆ ರೂಪುಗೊಂಡ ‘ಮುಕುರ್ತು’ ತಂತ್ರಾಂಶದಲ್ಲಿ ಯಾರು ಏನನ್ನು ನೋಡಬಹುದೆಂದು ತೀರ್ಮಾನಿಸುವುದು ಸಮುದಾಯವೇ: ಕೆಲವು ದಾಖಲೆಗಳು ಮಹಿಳೆಯರಿಗಷ್ಟೇ, ಕೆಲವು ಪುರುಷರಿಗಷ್ಟೇ ತೆರೆದುಕೊಳ್ಳುತ್ತವೆ.