ಚಳಿಗೆ ಒಡೆಯುವ ಕೊಳವೆಗಳು

ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ೪ ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಧಿಕ ಸಾಂದ್ರತೆಯುಳ್ಳ ನೀರು ಅದಕ್ಕಿಂತಲೂ ತಣಿದಂತೆ ಮೆಲ್ಲಮೆಲ್ಲನೆ ಹಿಗ್ಗತೊಡಗಿ, ಮಂಜುಗಡ್ಡೆಯಾಗುವಾಗ ಒಮ್ಮೆಲೇ ಶೇಕಡಾ ೯ರಷ್ಟು ದೊಡ್ಡದಾಗುತ್ತದೆ. ನೀರು ತುಂಬಿ ಬಿರಡೆ ಬಿಗಿದ ಸೀಸೆಯನ್ನು ಮಂಜುಗಡ್ಡೆ ಮತ್ತು ಉಪ್ಪಿನ ಮಿಶ್ರಣದಲ್ಲಿಟ್ಟು ಒಡೆಯಿಸುವ ಪ್ರಯೋಗವೂ ಹಳೆಯದೇ. ಶೀತದೇಶಗಳ ಮನೆಗಳಲ್ಲಿ ಚಳಿಗಾಲದಲ್ಲಿ ನೀರಿನ ಕೊಳವೆಗಳು ಒಡೆಯುವುದಕ್ಕೂ ಇದೇ ಕಾರಣವೆಂದು ಹೇಳುವುದುಂಟು. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಮಂಜುಗಡ್ಡೆ ಕಟ್ಟಿದ ಜಾಗದಲ್ಲಿ ಕೊಳವೆಯು ಅನೇಕ ವೇಳೆ ಇಡಿಯಾಗಿಯೇ ಇರುತ್ತದೆ. ಬಿರುಕು ಕಾಣುವುದು ಅಲ್ಲಿಂದ ದೂರದಲ್ಲಿ, ಒಮ್ಮೊಮ್ಮೆ ಬೆಚ್ಚಗಿನ ಅಡುಗೆಮನೆಯ ಗೋಡೆಯೊಳಗೆ, ಮಂಜಿನ ಸುಳಿವೇ ಇಲ್ಲದ ಕಡೆ. ಇದು ಹೇಗೆ?

ಕೊಳವೆಯೊಳಗೆ ನಡೆಯುವುದನ್ನು ಮೊದಲು ನೋಡೋಣ. ರಾತ್ರಿಯಲ್ಲಿ ಯಾರೂ ನಲ್ಲಿಯನ್ನು ತಿರುಗಿಸದಿರುವಾಗ ನೀರು ನಿಶ್ಚಲವಾಗಿ ನಿಂತಿರುತ್ತದೆ. ಹೊರಗಿನ ಗಾಳಿಯು ಸೊನ್ನೆ ಡಿಗ್ರಿಗೆ ಇಳಿದೊಡನೆ ಅದು ಹೆಪ್ಪುಗಟ್ಟಿಬಿಡುವುದಿಲ್ಲ. ಹರಳುಗಟ್ಟಲು ತಕ್ಕ ಆಸರೆ ಸಿಕ್ಕದಿದ್ದರೆ ನೀರು ಸೊನ್ನೆಗಿಂತ ನಾಲ್ಕಾರು ಡಿಗ್ರಿ ಕೆಳಗಿಳಿದರೂ ದ್ರವವಾಗಿಯೇ ಉಳಿಯಬಲ್ಲುದು. ಇದಕ್ಕೆ ಅತಿಶೀತಲ ಸ್ಥಿತಿಯೆಂದು ಹೆಸರು. ಈ ಸ್ಥಿತಿಯಲ್ಲಿ ಒಂದು ಹರಳು ಮೂಡಿತೆಂದರೆ ಸಾಕು, ಗರಿಗಳಂತೆ ಕವಲೊಡೆದ ಮಂಜು ಕ್ಷಣಾರ್ಧದಲ್ಲಿ ನೀರಿನ ತುಂಬ ಹಬ್ಬುತ್ತದೆ. ಎಷ್ಟು ನೀರು ಹೀಗೆ ಮಂಜಾಗುತ್ತದೆಂಬುದನ್ನು ನಾವೇ ಲೆಕ್ಕ ಹಾಕಬಹುದು. ೧ ಗ್ರಾಂ ನೀರು ಮಂಜಾಗುವಾಗ ೮೦ ಕ್ಯಾಲೊರಿ ಗುಪ್ತೋಷ್ಣವನ್ನು ಹೊರಬಿಡುತ್ತದೆ. ಸೊನ್ನೆಗಿಂತ ೫ ಡಿಗ್ರಿ ಕೆಳಗಿರುವ ೧ ಗ್ರಾಂ ನೀರನ್ನು ಪುನಃ ಸೊನ್ನೆಗೆ ಏರಿಸಲು ೫ ಕ್ಯಾಲೊರಿ ಸಾಕು. ಆದುದರಿಂದ ಹದಿನಾರರಲ್ಲಿ ಒಂದು ಪಾಲು ಮಾತ್ರ ಆ ಕ್ಷಣದಲ್ಲಿ ಮಂಜಾಗಬಲ್ಲುದು. ಅಲ್ಪವೆಂದು ತೋರುವ ಈ ಪಾಲೇ ಬಲೆಯಂತೆ ಹೆಣೆದುಕೊಂಡು ಕೊಳವೆಯನ್ನು ಕಟ್ಟಿಹಾಕಬಲ್ಲುದೆಂಬುದನ್ನು ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಗಿಲ್ಪಿನ್ ಎಂಬವರು ೧೯೭೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ರಯೋಗಗಳಲ್ಲಿ, ಹೊದಿಕೆಯಿಲ್ಲದ ಅಟ್ಟದ ಕೊಳವೆಗಳಿಗೆ ಅಪಾಯ ತೊಡಗಿದುದು ಹೊರಗಿನ ಉಷ್ಣಮಾನವು ಸೊನ್ನೆಗಿಂತ ಸುಮಾರು ೭ ಡಿಗ್ರಿ ಕೆಳಗಿಳಿದಾಗ.

ಅಲ್ಲಿಂದ ಮುಂದೆ ಗರಿಗಳ ನಡುವಿನ ನೀರೂ ನಿಧಾನವಾಗಿ ಗಟ್ಟಿಯಾಗಿ, ಕೊಳವೆಯಲ್ಲಿ ಮಂಜಿನ ಬಿರಡೆಯೊಂದು ಸಿದ್ಧವಾಗುತ್ತದೆ. ಬಿರಡೆಯ ಒಂದು ಪಕ್ಕದಲ್ಲಿ ಬೀದಿಯ ದೊಡ್ಡ ಕೊಳವೆ, ಇನ್ನೊಂದು ಪಕ್ಕದಲ್ಲಿ ಮುಚ್ಚಿದ ನಲ್ಲಿ. ಬೆಳೆಯುವ ಮಂಜು ನೀರನ್ನು ಎರಡು ಕಡೆಗೂ ತಳ್ಳುತ್ತದೆ. ನಡುವೆ ತಡೆಕವಾಟವಿಲ್ಲದಿದ್ದರೆ ಬೀದಿಯ ಕಡೆಯ ನೀರು ಹಿಂದಕ್ಕೆ ಸರಿದು ಪಾರಾಗುತ್ತದೆ. ನಲ್ಲಿಯ ಕಡೆಯ ನೀರಿಗೆ ಹೋಗಲು ದಾರಿಯಿಲ್ಲ. ಅಲ್ಲಿ ೧ ಲೀಟರ್ ನೀರು ಸಿಕ್ಕಿಬಿದ್ದಿದೆಯೆಂದೂ, ಬಿರಡೆಯ ಆ ತುದಿಯಲ್ಲಿ ಇನ್ನು ೧೦೦ ಗ್ರಾಂ ನೀರು ಮಂಜಾಯಿತೆಂದೂ ಭಾವಿಸೋಣ. ಈ ಮಂಜು ೧೦೯ ಮಿಲಿಲೀಟರ್ ಸ್ಥಳವನ್ನು ಬೇಡುತ್ತದೆ. ಹೆಚ್ಚಿನ ೯ ಮಿಲಿಲೀಟರಿಗಾಗಿ ಲೀಟರಿನಷ್ಟು ನೀರು ಕುಗ್ಗಬೇಕು. ನೀರು ಸುಲಭವಾಗಿ ಕುಗ್ಗುವ ವಸ್ತುವಲ್ಲ. ಒಂದು ವಾಯುಭಾರದ ಒತ್ತಡಕ್ಕೆ ಅದು ಕುಗ್ಗುವುದು ಲಕ್ಷದಲ್ಲಿ ೫ ಪಾಲು ಮಾತ್ರ. ಕೊಳವೆಯು ತಾನು ಹಿಗ್ಗದೆಂದು ಭಾವಿಸಿದರೆ ಒತ್ತಡವು ಸುಮಾರು ೧೮೦ ವಾಯುಭಾರಗಳಿಗೆ ಏರುತ್ತದೆ. ಮನೆಯ ಕೊಳಾಯಿಯ ಎಂದಿನ ಒತ್ತಡ ನಾಲ್ಕೈದು ವಾಯುಭಾರಗಳು! ಮಂಜು ಬೆಳೆದಷ್ಟೂ ಒತ್ತಡ ಏರಿ, ಕೊನೆಗೆ ಆ ಉದ್ದದಲ್ಲಿ ಎಲ್ಲಿ ಅತಿ ದುರ್ಬಲವೋ ಅಲ್ಲಿ, ಬೆಸುಗೆಯಲ್ಲಿಯೋ ತಿರುವಿನಲ್ಲಿಯೋ, ಕೊಳವೆ ಸೀಳುತ್ತದೆ. ಒಡೆಯುವುದು ಮಂಜಿನಿಂದಲ್ಲ, ಮಂಜು ಸೆರೆಹಿಡಿದ ನೀರಿನಿಂದ.

ಇಷ್ಟು ತಿಳಿದರೆ ಚಳಿನಾಡಿನ ಗೃಹಿಣಿಯರ ಒಂದು ಹಳೆಯ ಉಪಾಯದ ಮರ್ಮ ಹೊಳೆಯುತ್ತದೆ. ಕಡುಚಳಿಯ ರಾತ್ರಿ ಅವರು ನಲ್ಲಿಯನ್ನು ಪೂರ್ತಿ ಮುಚ್ಚದೆ ತೊಟ್ಟಿಕ್ಕಲು ಬಿಡುತ್ತಾರೆ. ಹರಿಯುವ ನೀರು ಹೆಪ್ಪುಗಟ್ಟದೆಂದು ಜನ ಇದಕ್ಕೆ ಕಾರಣ ಹೇಳುವುದುಂಟು. ಆದರೆ ಹರಿಯುವ ಹೊಳೆಗಳೇ ಹೆಪ್ಪುಗಟ್ಟುತ್ತವೆ. ನೆಲದಡಿಯಿಂದ ಬರುವ ನೀರು ತುಸು ಶಾಖವನ್ನು ತರುವುದು ನಿಜವಾದರೂ ನಿಜವಾದ ಲಾಭ ಬೇರೆ. ನಲ್ಲಿ ತೆರೆದಿದ್ದರೆ, ಬಿರಡೆ ಕಟ್ಟಿದರೂ ನೀರು ಸೆರೆಯಾಗದು, ಒತ್ತಡ ಏರದು. ಬಿಸಿನೀರಿನ ಕೊಳವೆ ಬೇರೆಯಾದುದರಿಂದ ಅದರ ನಲ್ಲಿಯನ್ನೂ ತೆರೆದಿಡಬೇಕು.

ಹಾಗೆಂದು ಇದನ್ನು ಸರ್ವರೋಗಕ್ಕೂ ಮದ್ದೆಂದು ತಿಳಿಯಲಾಗದು. ೨೦೨೧ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ ಕಡುಚಳಿ ಎರಗಿತು. ಡಲ್ಲಾಸಿನಲ್ಲಿ ಉಷ್ಣಮಾನ ಸೊನ್ನೆಗಿಂತ ೧೯ ಡಿಗ್ರಿ ಕೆಳಗಿಳಿಯಿತು. ವಿದ್ಯುತ್ತು ನಿಂತು ಲಕ್ಷಾಂತರ ಮನೆಗಳು ತಣ್ಣಗಾದವು. ಸೆಕೆಯ ನಾಡೆಂದು ಕಟ್ಟಿದ ಮನೆಗಳಲ್ಲಿ ಕೊಳವೆಗಳು ಅಟ್ಟದ ಮೇಲೆಯೂ ಹೊರಗೋಡೆಯಲ್ಲಿಯೂ ಹಾಯ್ದಿದ್ದವು. ಒಡೆದ ಕೊಳವೆಗಳಿಂದಲೂ ತೊಟ್ಟಿಕ್ಕುವ ನಲ್ಲಿಗಳಿಂದಲೂ ನೀರು ಹೋಗಿ ಊರಿನ ಒತ್ತಡವೇ ಕುಸಿಯಲು, ನಲ್ಲಿ ಹರಿಯಬಿಡಬೇಡಿರೆಂದು ಹ್ಯೂಸ್ಟನ್ ನಗರದಲ್ಲಿ ಕೇಳಿಕೊಳ್ಳಬೇಕಾಯಿತು. ಆ ನಗರಗಳಲ್ಲಿ ನೆಲೆಸಿರುವ ಕನ್ನಡಿಗರೂ ಅನೇಕರಿದ್ದಾರೆ. ಚಳಿಗೆ ಹೆಸರಾದ ಷಿಕಾಗೋದಲ್ಲಿಯಾದರೋ ನೆಲವು ಸುಮಾರು ಒಂದು ಮೀಟರಿನ ಆಳದವರೆಗೆ ಹೆಪ್ಪುಗಟ್ಟಬಹುದೆಂದು ಎಣಿಸಿ ಕೊಳವೆಗಳನ್ನು ಅದಕ್ಕಿಂತ ಕೆಳಗೆ ಹೂಳುತ್ತಾರೆ.

ಕೊಳವೆಗೆ ಹೊದಿಕೆ ಸುತ್ತುವುದು ಒಳ್ಳೆಯದೇ. ಆದರೆ ಹೊದಿಕೆಗೆ ತನ್ನದೆಂಬ ಶಾಖವಿಲ್ಲ. ನಮ್ಮಲ್ಲಿ ಮಂಜುಗಡ್ಡೆ ಕರಗದಿರಲೆಂದು ಮುಚ್ಚುವ ಮರದ ಹೊಟ್ಟು ಹೇಗೆ ಶಾಖದ ನಡಿಗೆಯನ್ನು ನಿಧಾನಗೊಳಿಸುವುದೋ ಇದೂ ಹಾಗೆಯೇ. ಒಂದು ರಾತ್ರಿಯ ಚಳಿಯನ್ನು ತಡೆದೀತು, ವಾರದ ಚಳಿಯನ್ನಲ್ಲ. ಅದನ್ನು ಇಡುವ ಸ್ಥಳವೂ ಮುಖ್ಯ: ಅಟ್ಟದಲ್ಲಿ ಹೊದಿಕೆಯು ಕೊಳವೆಯ ಮೇಲಿರಬೇಕು, ಕೆಳಗಿದ್ದರೆ ಕೋಣೆಯ ಶಾಖವೇ ಕೊಳವೆಗೆ ತಲುಪದು. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಬೀರುವಿನ ಬಾಗಿಲನ್ನು ರಾತ್ರಿ ತೆರೆದಿಡುವುದೂ ಆ ಶಾಖವನ್ನು ಒಳಗೆ ಬಿಡುವುದಕ್ಕಾಗಿಯೇ. ಎಲ್ಲಕ್ಕಿಂತ ಭದ್ರವಾದುದು ನೀರೇ ಇಲ್ಲದ ಕೊಳವೆ. ಸುಮಾರು ೩೫೦೦ ಮೀಟರ್ ಎತ್ತರದಲ್ಲಿರುವ ಲಡಾಖಿನ ಲೇಹ್ ನಗರದಲ್ಲಿ ಎಷ್ಟೋ ವಸತಿಗೃಹಗಳು ಚಳಿಗಾಲದಲ್ಲಿ ಕೊಳವೆಗಳನ್ನು ಬರಿದು ಮಾಡಿ, ಅತಿಥಿಗಳಿಗೆ ಬಕೆಟ್ಟಿನಲ್ಲಿ ನೀರು ಕೊಡುತ್ತವೆ.

ಇಷ್ಟಾದರೂ ಕೊಳವೆ ಕಟ್ಟಿಕೊಂಡರೆ? ಮೊದಲು ನಲ್ಲಿಯನ್ನು ತೆರೆದು, ನಲ್ಲಿಯ ಕಡೆಯಿಂದಲೇ ಕಾಯಿಸುತ್ತ ಹೋಗಬೇಕು. ಕರಗಿದ ನೀರಿಗೆ ಹೊರದಾರಿ ಇರಬೇಕಲ್ಲವೇ? ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಅಥವಾ ಕೂದಲು ಒಣಗಿಸುವ ಯಂತ್ರ ಇದಕ್ಕೆ ಸಾಕು. ಬೆಂಕಿಯ ಜ್ವಾಲೆಯನ್ನು ಹಿಡಿಯಲೇಬಾರದು. ಹಾಗೆ ಮಾಡಿ ಮನೆಯನ್ನೇ ಸುಟ್ಟುಕೊಂಡವರುಂಟು. ಮುಖ್ಯ ಕವಾಟದ ಮೇಲೆ ಕೈಯಿಟ್ಟಿರುವ ಇನ್ನೊಬ್ಬರು ಬಳಿಯಲ್ಲಿರುವುದು ಲೇಸು. ಕೊಳವೆ ಎಂದೋ ಸೀಳಿದ್ದರೂ ಬಿರಡೆ ಕರಗುವವರೆಗೆ ನೀರು ಹೆಚ್ಚಾಗಿ ಸೋರದು. ಕರಗಿದ ಗಳಿಗೆಯಲ್ಲಿಯೇ ಗೋಡೆಯೊಳಗಿಂದ ಅದು ಚಿಮ್ಮತೊಡಗುತ್ತದೆ.