ಒಳಗೀರು, ಹೊರಗೀರು: ಮನೆ ಬಿಯರ್‌ನ ಪಾತ್ರೆಗಳು ಕಲಿಸಿದ ಪಾಠಗಳು

ಮನೆಯಲ್ಲಿ ಬಿಯರ್ ಮಾಡಲು ಹೊಸದಾಗಿ ಶುರು ಮಾಡುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಫರ್ಮೆಂಟರ್ (ಹುದುಗಿಸುವ ಪಾತ್ರೆ) ಗಾಜಿನದು ತಗೊಳ್ಳಲಾ, ಪ್ಲಾಸ್ಟಿಕ್‌ದಾ? ಯಾವುದು ಜಾಸ್ತಿ ಬಾಳಿಕೆ ಬರುತ್ತೆ?’ ನಾನಿರುವ ಅಮೆರಿಕದಲ್ಲಿ ಇದು ಕಾನೂನು ಒಪ್ಪಿದ ಹವ್ಯಾಸ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ, ಮನೆ ಬಳಕೆಯ ಬಿಯರ್‌ಗೆ ಕೇಂದ್ರದ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ. ರಾಜ್ಯಗಳ ಪೈಕಿ ಮನೆ ಬಿಯರ್‌ಗೆ ಕೊನೆಯದಾಗಿ ಒಪ್ಪಿದ್ದು ಅಲಬಾಮಾ ಮತ್ತು ಮಿಸಿಸಿಪಿ, 2013ರಲ್ಲಿ. ಕರ್ನಾಟಕದಲ್ಲಿ ಮಾತ್ರ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಮುಂದಿನ ಮಾತೆಲ್ಲ ಅನುಮತಿ ಇರುವ ಊರಿನವರಿಗೆ.

1. ಎಷ್ಟು ವರ್ಷ ಬರುತ್ತೆ ಅನ್ನುವುದಕ್ಕಿಂತ ಹೇಗೆ ಕೈಕೊಡುತ್ತೆ ಎಂದು ಕೇಳಿ

ಗಾಜಿನ ಕಾರ್ಬಾಯ್, ಅಂದರೆ ಕಿರಿದಾದ ಕತ್ತಿನ ದೊಡ್ಡ ಜಾಡಿ, ಸವೆಯುವುದಿಲ್ಲ, ಬಣ್ಣ ಹಿಡಿಯುವುದಿಲ್ಲ. ಜೋಪಾನ ಮಾಡಿದರೆ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು. ಕೈಕೊಟ್ಟ ದಿನ ಮಾತ್ರ ಒಂದೇ ಏಟಿಗೆ, ರಕ್ತ ಹರಿಸಿ ಹೋಗುತ್ತದೆ. ಪ್ಲಾಸ್ಟಿಕ್ ಬಕೆಟ್ ಬಿದ್ದರೂ ಪುಟಿಯುತ್ತದೆ. ಅದು ಕೆಡುವುದು ಒಳಗೊಳಗೇ, ಸದ್ದಿಲ್ಲದೆ. ಅದರ ಸುದ್ದಿ ನಮಗೆ ಸಿಗುವುದು ಲೋಟದಲ್ಲಿನ ಹುಳಿಯಿಂದ. ಎರಡಕ್ಕೂ ಮೂಲ ಒಂದೇ, ಗೀರು. ಗಾಜನ್ನು ಕೊಲ್ಲುವುದು ಮೈಮೇಲಿನ ಗೀರು, ಪ್ಲಾಸ್ಟಿಕ್ಕನ್ನು ಕೊಲ್ಲುವುದು ಹೊಟ್ಟೆಯೊಳಗಿನ ಗೀರು.

2. ಗಾಜು ಕಾರಣವಿಲ್ಲದೆ ಒಡೆಯುವುದಿಲ್ಲ

‘ಸುಮ್ಮನೆ ಇಟ್ಟಿದ್ದೆ, ತಾನಾಗಿ ಸೀಳಿತು’ ಎನ್ನುವವರು ಬಹಳ. ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳೇ ಗಾಜಿನ ಬಲವನ್ನು ಕಸಿಯುತ್ತವೆ ಎಂದು ಬ್ರಿಟಿಷ್ ಎಂಜಿನಿಯರ್ ಎ.ಎ. ಗ್ರಿಫಿತ್ 1921ರಷ್ಟು ಹಿಂದೆಯೇ ತೋರಿಸಿದ್ದ. ಮೇಲೆ ಭಾರವಿದ್ದು ತೇವವೂ ಸೇರಿದರೆ ಆ ಬಿರುಕು ನಿಧಾನವಾಗಿ ಒಳಕ್ಕೆ ಬೆಳೆಯುತ್ತದೆ. ಇವತ್ತು ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಜಾಡಿಯನ್ನು ಎಳೆದಾಡಿದ್ದರ ಫಲ ಮುಂದಿನ ವರ್ಷ ಸಿಗಬಹುದು. ಅದಕ್ಕೇ ತಳಕ್ಕೆ ರಬ್ಬರ್ ಹಾಸು ಇರಲೇಬೇಕು. ತುಂಬಿಸುವ ಮೊದಲು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ತಳದ ಅಂಚಿನಲ್ಲಿ ಅರ್ಧಚಂದ್ರದಂಥ ಸಣ್ಣ ಹೊಳಪು, ಕತ್ತಿನಲ್ಲಿ ಉಗುರಿಗೆ ತಾಗುವಂತೆ ಚಕ್ಕೆ ಎದ್ದಿರುವುದು ಕಂಡರೆ ಆ ಜಾಡಿಯ ಕೆಲಸ ಮುಗಿಯಿತು. ಅಂಟು ಹಾಕಿ ಉಳಿಸುವ ಆಸೆ ಬೇಡ.

3. ಅಡುಗೆಮನೆಯ ಗಾಜೆಂದು ನಂಬಬೇಡಿ

ಕಾರ್ಬಾಯ್ ಸಾಮಾನ್ಯವಾಗಿ ಸೋಡಾ-ಲೈಮ್ ಗಾಜಿನದು, ಬಿಸಿ ತಡೆಯುವ ಬೋರೋಸಿಲಿಕೇಟ್‌ನದಲ್ಲ. ಕುದಿದ ಮಾಲ್ಟ್ ರಸವನ್ನು ನೇರ ಸುರಿದರೆ ತಳ ಚಕ್ಕೆಯಂತೆ ಕಳಚಿ ಬೀಳಬಹುದು. ಚಳಿಗಾಲದಲ್ಲಿ ಗ್ಯಾರೇಜಿನಿಂದ ತಂದ ತಣ್ಣನೆಯ ಜಾಡಿಗೆ ಬಿಸಿನೀರು ಹೊಯ್ಯುವುದೂ ಅಷ್ಟೇ ಅಪಾಯ. ಹೇಗೂ ಯೀಸ್ಟ್ ಹಾಕಲು ರಸವನ್ನು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸಲೇಬೇಕು. ಪಾತ್ರೆಗೆ ಸುರಿಯುವ ಮೊದಲೇ ಇಳಿಸಿಬಿಡಿ.

4. ಕತ್ತಿನ ಹಿಡಿಕೆ ಖಾಲಿ ಜಾಡಿಗೆ ಮಾತ್ರ

19 ಲೀಟರಿನ ಜಾಡಿ ತುಂಬಿದರೆ ಸುಮಾರು 25 ಕಿಲೋ. ಸೋಂಕುನಿವಾರಕದ ನೊರೆ ಮೆತ್ತಿದ ಗಾಜು ಎಣ್ಣೆ ಸವರಿದಂತೆ ಜಾರುತ್ತದೆ. ಕತ್ತಿಗೆ ತಿರುಗಿಸಿ ಕಟ್ಟುವ ಹಿಡಿಕೆಯಿಂದ ತುಂಬಿದ ಜಾಡಿಯನ್ನು ಎತ್ತಿದರೆ ಇಡೀ ಭಾರ ಆ ಒಂದು ಉಂಗುರದ ಮೇಲೆ. ಜಾಡಿಯನ್ನು ಹಾಲಿನ ಪ್ಲಾಸ್ಟಿಕ್ ಕ್ರೇಟ್‌ನಲ್ಲಿ ಇಟ್ಟೇ ತುಂಬಿಸಿ, ಕ್ರೇಟ್ ಹಿಡಿದು ಎತ್ತಿ. ಕಾಲಿಗೆ ಬೂಟು ಇರಲಿ. ಇನ್ನೊಂದು ಮಾತು: ಜಾಡಿ ಕೈಜಾರಿದರೆ ಹಿಡಿಯಲು ಹೋಗದೆ ಹಿಂದೆ ಸರಿಯಿರಿ. ಬಿಯರ್ ಮತ್ತೆ ಮಾಡಬಹುದು.

5. ಬಕೆಟ್‌ಗಳನ್ನು ಒಂದರೊಳಗೊಂದು ಇಡಬೇಡಿ

ಪ್ಲಾಸ್ಟಿಕ್ಕಿನ ಒಳಗೀರು ಬರುವುದು ಹೆಚ್ಚಾಗಿ ಹುದುಗುವಾಗ ಅಲ್ಲ, ಎತ್ತಿಡುವಾಗ. ಜಾಗ ಉಳಿಸಲೆಂದು ಬಕೆಟ್‌ನೊಳಗೆ ಬಕೆಟ್ ತುರುಕುತ್ತೇವೆ. ಒಂದರ ಒರಟು ತಳ ಇನ್ನೊಂದರ ಒಳಗೋಡೆಯನ್ನು ಕೆರೆಯುತ್ತದೆ. ಸೌಟು, ಸೈಫನ್, ಬಾಟ್ಲಿ ಬ್ರಷ್ ಎಲ್ಲ ಅದರಲ್ಲೇ ತುಂಬುತ್ತೇವೆ. ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್‌ನಂಥ ಬ್ಯಾಕ್ಟೀರಿಯಾ, ಕಾಡು ಯೀಸ್ಟ್ ಬ್ರೆಟನೊಮೈಸಿಸ್ ಮನೆ ಮಾಡುವುದು ಆ ಗೀರುಗಳಲ್ಲೇ. ಗೀರಿನ ಒಳಗೆ ಜಿಡ್ಡು ಕೂತಿದ್ದರೆ ಸ್ಟಾರ್ ಸ್ಯಾನ್‌ನಂಥ ಆಮ್ಲದ ಸೋಂಕುನಿವಾರಕ ಅಲ್ಲಿಗೆ ತಲುಪುವುದಿಲ್ಲ. ಬಕೆಟ್ ಒಣಗಿದ ಮೇಲೆ ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ, ನೇರ ಬೆಳಕಿನಲ್ಲಿ ಕಾಣದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ನೊರೆ ಕಟ್ಟುವ ಮೇಲಿನ ಪಟ್ಟಿಯನ್ನು ತಪ್ಪದೆ ನೋಡಿ. ನಾವು ಹೆಚ್ಚು ಉಜ್ಜುವ ಜಾಗ ಅದೇ.

6. ತೊಳೆಯುವ ಕೆಲಸ ಕೈಯಿಂದ ಬೇಡ, ಸಮಯದಿಂದ ಆಗಲಿ

ಸ್ಟೀಲ್ ಸ್ಕ್ರಬ್ಬರ್ ಪ್ಲಾಸ್ಟಿಕ್ ಹತ್ತಿರ ಸುಳಿಯಬಾರದು, ಹಸಿರು ಸ್ಕ್ರಬ್ ಪ್ಯಾಡೂ ಬೇಡ. ಪಿಬಿಡಬ್ಲ್ಯೂನಂಥ ಕ್ಷಾರದ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಕೆಲವು ಗಂಟೆ ನೆನೆಯಲು ಬಿಡಿ, ಒಣಗಿದ ನೊರೆ ತಾನಾಗಿ ಬಿಡುತ್ತದೆ. ಉಳಿದದ್ದಕ್ಕೆ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಬಕೆಟ್ ಸಾಮಾನ್ಯವಾಗಿ ಎಚ್‌ಡಿಪಿಇ ಪ್ಲಾಸ್ಟಿಕ್‌ನದು, ತಳದ ತ್ರಿಕೋನದಲ್ಲಿ 2 ಎಂದಿರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕಾರ್ಬಾಯ್ ಪೆಟ್, ಅದರ ಸಂಖ್ಯೆ 1. ಎರಡರ ಸ್ವಭಾವ ಬೇರೆ. ಪೆಟ್ ಬಿಸಿನೀರಿಗೆ ಸೊಟ್ಟಗಾಗುತ್ತದೆ, ಆದ್ದರಿಂದ 60 ಡಿಗ್ರಿಯ ಗಡಿ ಮುಟ್ಟದಿರಿ. ಕಾಸ್ಟಿಕ್ ಸೋಡಾ ಪೆಟ್ಟನ್ನು ತಿನ್ನುತ್ತದೆ.

7. ವಾಸನೆ ಬೇರೆ, ಸೋಂಕು ಬೇರೆ

ಸಾಂಬಾರ್ ಪುಡಿ ಇಟ್ಟ ಡಬ್ಬಿಯಿಂದ ಇಂಗಿನ ಘಮ ಹೇಗೆ ಹೋಗುವುದಿಲ್ಲವೋ, ಹಾಪ್ಸ್ ಹೂ ಹೆಚ್ಚು ಹಾಕಿದ ಐಪಿಎ ಬಿಯರ್ ಹುದುಗಿಸಿದ ಬಕೆಟ್‌ನಿಂದ ಆ ಕಂಪೂ ಹೋಗುವುದಿಲ್ಲ. ಅಷ್ಟಕ್ಕೇ ಬಕೆಟ್ ಎಸೆಯಬೇಕಿಲ್ಲ. ಅದರಲ್ಲಿ ಕಪ್ಪು ಸ್ಟೌಟ್ ಮಾಡಿ, ತೆಳು ಲಾಗರ್ ಬೇಡ. ಒಂದರ ಹಿಂದೆ ಒಂದು ಬ್ಯಾಚ್ ಬೇಡದ ಹುಳಿಗೆ ತಿರುಗಿದರೆ, ಅಥವಾ ಬಿಯರ್ ಮೇಲೆ ಬಿಳಿ ಪೊರೆ ಮತ್ತೆ ಮತ್ತೆ ಕಟ್ಟಿದರೆ ಮಾತ್ರ ಪಾತ್ರೆಯ ಮೇಲೆ ಅನುಮಾನ ಪಡಿ. ಬೇಕೆಂದೇ ಹುಳಿ ಬಿಯರ್ ಮಾಡುವವರು ಅದಕ್ಕೊಂದು ಬಕೆಟ್, ಒಂದು ಪೈಪ್ ಬೇರೆಯಾಗಿಯೇ ಇಟ್ಟುಕೊಳ್ಳಬೇಕು.

8. ಮೊದಲು ಸಾಯುವುದು ಚಿಲ್ಲರೆ ಸಾಮಾನು

ಗಾಜೋ ಪ್ಲಾಸ್ಟಿಕ್ಕೋ ಎಂದು ವಾದ ಮಾಡುತ್ತಿರುವಾಗ ಕೈಕೊಡುವುದು ಮುಚ್ಚಳದ ರಬ್ಬರ್, ನಲ್ಲಿಯ ವಾಷರ್. ಬಕೆಟ್ ಮುಚ್ಚಳ ಸಡಿಲವಾದರೆ ಅನಿಲ ಅಂಚಿನಿಂದ ಸೋರಿ, ಅದನ್ನು ಹೊರಬಿಡಬೇಕಾದ ಏರ್‌ಲಾಕ್ ಗುಳುಗುಳು ನಿಲ್ಲಿಸುತ್ತದೆ. ಹುದುಗು ನಿಂತಿತೆಂದು ಗಾಬರಿಯಾಗದೆ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿ. ನಲ್ಲಿಯನ್ನು ಪ್ರತಿ ಸಲ ಪೂರ್ತಿ ಬಿಚ್ಚಿ ತೊಳೆಯಿರಿ, ತಿರುಪಿನ ಸಂದಿಯಲ್ಲಿ ಹಳೆಯ ಬಿಯರ್ ಕೂತಿರುತ್ತದೆ. ಏರ್‌ಲಾಕ್‌ಗೆ ಹಾಪ್ಸ್ ಚೂರು ಸಿಕ್ಕಿ ಕಟ್ಟಿಕೊಂಡರೆ ಬಕೆಟ್ ಮುಚ್ಚಳ ಹಾರುತ್ತದೆ, ಚಾವಣಿಗೆ ಬಣ್ಣ ಬೀಳುತ್ತದೆ. ಗಾಜಿನಲ್ಲಿ ಅದೇ ಒತ್ತಡ ಜಾಡಿಯನ್ನೇ ಸಿಡಿಸಬಲ್ಲದು. ಜೋರಾಗಿ ಹುದುಗುವ ಬಿಯರ್‌ಗೆ ಏರ್‌ಲಾಕ್ ಬದಲು ದಪ್ಪ ಪೈಪನ್ನು ನೀರಿನ ಪಾತ್ರೆಗೆ ಇಳಿಬಿಡಿ.

9. ವಾರಗಳಿಗೆ ಪ್ಲಾಸ್ಟಿಕ್, ತಿಂಗಳುಗಳಿಗೆ ಗಾಜು

ಎಚ್‌ಡಿಪಿಇ ಗೋಡೆಯ ಮೂಲಕ ಆಮ್ಲಜನಕ ನಿಧಾನವಾಗಿ ಒಳಗೆ ಇಳಿಯುತ್ತದೆ, ಪೆಟ್‌ನಲ್ಲಿ ಅದಕ್ಕಿಂತ ಬಹಳ ಕಡಿಮೆ, ಗಾಜಿನಲ್ಲಿ ಇಲ್ಲವೇ ಇಲ್ಲ. ಎರಡು ಮೂರು ವಾರದಲ್ಲಿ ಬಾಟ್ಲಿ ಸೇರುವ ಏಲ್‌ಗೆ ಇದರಿಂದ ನಷ್ಟವಿಲ್ಲ. ವರ್ಷಗಟ್ಟಲೆ ಮಾಗಬೇಕಾದ ಹುಳಿ ಬಿಯರ್‌ಗೋ ಜೇನಿನ ಮೀಡ್‌ಗೋ ಗಾಜೇ ಸರಿ. ಒಂದೆಡೆ ಕೂತಿರುವುದೇ ಗಾಜಿಗೂ ಕ್ಷೇಮ. ಪಾರದರ್ಶಕ ಜಾಡಿ ಯಾವುದಾದರೂ ಮೇಲೆ ಕಪ್ಪು ಬಟ್ಟೆ ಹೊದಿಸಿ. ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ಬಿಯರ್ ನಾರುತ್ತದೆ.

10. ಪ್ಲಾಸ್ಟಿಕ್ಕಿಗೆ ನಿವೃತ್ತಿ ಇರಲಿ

ಕೊಂಡ ತಿಂಗಳನ್ನು ಬಕೆಟ್‌ನ ಮೈಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಒಳಗೀರು ಉಗುರಿಗೆ ಸಿಕ್ಕ ದಿನ ಹುದುಗಿಸುವ ಕೆಲಸದಿಂದ ಬಿಡಿಸಿ, ಮಾಲ್ಟ್ ಕಾಳು ತುಂಬಲು ಬಳಸಿ. ಒತ್ತಡದಲ್ಲಿ ಹುದುಗಿಸುವ ಪೆಟ್ ಪಾತ್ರೆಗಳಿಗೆ ತಯಾರಕರು ಹಾಕಿದ ಅವಧಿಯನ್ನು ದಾಟಿಸಬೇಡಿ.

ಹಾಗಾಗಿ ಹೊಸಬರಿಗೆ ನನ್ನ ಉತ್ತರ ಇಷ್ಟು: ಮೊದಲು ಒಂದು ಬಕೆಟ್ ಕೊಳ್ಳಿ, ಜೊತೆಗೆ ಇನ್ನೊಂದು ಮುಚ್ಚಳ, ನಾಲ್ಕು ವಾಷರ್. ಮಾಗಿಸುವ ತಾಳ್ಮೆ ಬಂದಮೇಲೆ ಗಾಜು ತನ್ನಿ, ಕ್ರೇಟ್ ಸಮೇತ. ಬಕೆಟ್ ಬದಲಿಸುವ ಖರ್ಚು ಒಂದು ಕೆಟ್ಟ ಬ್ಯಾಚಿನ ಮಾಲ್ಟು, ಹಾಪ್ಸ್ ಖರ್ಚಿಗಿಂತ ಕಡಿಮೆ. ಕೈಗೆ ಹಾಕಿಸುವ ಹೊಲಿಗೆಗಿಂತಲಂತೂ ಬಹಳ ಕಡಿಮೆ.